ಡ್ರಿಲ್ ಮೇಷ್ಟ್ರ ರಂಗೋಲಿ

ಭೋಗಿಯ ದಿನ ಅಟ್ಟ ಗುಡಿಸಲು ಏಣಿ ಹತ್ತಿದ ತೈಯಲ್‌ನಾಯಕಿ ಜಾರಿ ಬಿದ್ದು ಬಲಗೈ ಮುರಿದುಕೊಂಡಳು. ನೋವಿಗೆ ಅಳಲಿಲ್ಲ. ಕಟ್ಟು ಹಾಕಿಸಿಕೊಂಡು ಬಂದು, ಮನೆಯ ಹೊಸ್ತಿಲು ನೋಡಿ ಅತ್ತಳು.

"ಇಪ್ಪತ್ತೆರಡು ವರ್ಷದಲ್ಲಿ ಒಂದು ಪೊಂಗಲ್‌ಗೂ ನನ್ನ ಬಾಗಿಲು ಬರಿದಾಗಿರಲಿಲ್ಲ ಕಣ್ರೀ."

ಗಂಡ ಮಾಸಿಲಾಮಣಿ ಮಯಿಲಾಡುದುರೈ ಕಡೆಯ ಆ ಊರಿನ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಸೀಟಿ, ತುಟಿಯ ಮೇಲೆ ಪೊರಕೆಯಂಥ ಮೀಸೆ. "ರಂಗೋಲಿ ನಾನೇ ಬರೀತೀನಿ ಬಿಡು" ಎಂದು ಬಾಯಿಂದ ಬಂದುಹೋಯಿತು. ಬಂದದ್ದನ್ನು ವಾಪಸ್ ತಗೊಳ್ಳಲು ಅವಳು ಬಿಡಲಿಲ್ಲ.

ಯಾರ ಕಣ್ಣಿಗೂ ಬೀಳಬಾರದೆಂದು ಹಬ್ಬದ ದಿನ ಬೆಳಕು ಹರಿಯುವ ಮುಂಚೆಯೇ ಎದ್ದರು. ಮಂಜು ಬೀದಿಯ ಮೇಲೆ ಹಾಲಿನ ಕೆನೆಯಂತೆ ಕಟ್ಟಿತ್ತು. ಸಗಣಿ ನೀರು ಚಿಮುಕಿಸಿ, ಹೆಂಡತಿಯ ಪುಸ್ತಕ ನೋಡಿಕೊಂಡು ಅಕ್ಕಿ ಹಿಟ್ಟಿನ ಚುಕ್ಕಿ ಇಟ್ಟರು. ಚುಕ್ಕಿಗಳು ಪ್ರಾರ್ಥನೆಗೆ ನಿಂತ ಮಕ್ಕಳಂತೆ ಸಾಲಾಗಿ ನಿಂತವು. ಎಳೆ ಮಾತ್ರ ಹೇಳಿದ ಮಾತು ಕೇಳಲಿಲ್ಲ. ಹೊರಟಲ್ಲಿಗೇ ಬಂದು ಕೂಡಬೇಕಾದ ಗೆರೆ ಎರಡು ಚುಕ್ಕಿ ಆಚೆ ಬಂದು ನಿಂತಿತು. ಇನ್ನೊಂದು ಚುಕ್ಕಿ ಸೇರಿಸಿ ಸುತ್ತಿಸಿದರು. ಈಗ ಮೂರು ಚುಕ್ಕಿ ಆಚೆ ಹೋಯಿತು.

ಪಕ್ಕದ ಮನೆಯ ಬಾಗಿಲು ತೆರೆಯಿತು. ಸೆಂಬಗಂ ಪಾಟಿ, ಎಂಬತ್ತರ ಅಜ್ಜಿ. ಬೀದಿಯ ಶಾಸ್ತ್ರ ಸಂಪ್ರದಾಯಕ್ಕೆಲ್ಲ ಅವಳದೇ ಕೊನೆಯ ಮಾತು.

"ಯಾರು, ಮೇಷ್ಟ್ರಾ? ಬೆರಳು ಪರವಾಗಿಲ್ಲ, ಚೆನ್ನಾಗೇ ಓಡ್ತಿದೆ. ಆದ್ರೆ ಎಳೆ ಕೂಡಿಸದೆ ಏಳಬೇಡಪ್ಪ. ಸೂರ್ಯ ಬರೋ ಹೊತ್ತಿಗೆ ಕೂಡಲೇಬೇಕು. ಇಲ್ಲಾಂದ್ರೆ ಮನೆಗೆ ಬಂದ ಲಕ್ಷ್ಮಿ ಆ ಸಂದೀಲೇ ಹೊರಟುಹೋಗ್ತಾಳೆ."

"ಎಲ್ಲಿ ಕೂಡಿಸಲಿ ಪಾಟಿ? ಜಾಗ ಮುಗೀತಲ್ಲ."

"ನಮ್ಮ ಬಾಗಿಲ ಕಡೆ ತಿರುಗಿಸು."

ತಿರುಗಿಸಿದರು. ಅಷ್ಟರಲ್ಲಿ ಎದುರು ಮನೆಯ ನಿವೃತ್ತ ಸ್ಟೇಷನ್ ಮಾಸ್ಟರ್ ವೈತಿಯಲಿಂಗಂ ಹಲ್ಲುಜ್ಜುತ್ತಲೇ ಬಂದು ಬಗ್ಗಿ ನೋಡಿದರು.

"ಗಾಡಿ ಹಳಿ ತಪ್ಪಿದೆ ಮೇಷ್ಟ್ರೇ. ನಮ್ಮನೆ ಮುಂದೆ ಒಂದು ಲೂಪು ಹಾಕಿ. ಆಮೇಲೆ ಹೊರಟ ತುದೀನೂ ಈ ಕಡೆ ಎಳ್ಕೊಂಡು ಬನ್ನಿ. ಬೀದಿ ಮಧ್ಯದಲ್ಲಿ ಜಂಕ್ಷನ್ ಮಾಡೋಣ."

"ಇವನ ಮಾತು ಕೇಳಬೇಡ. ಇವನ ಕೈಕೆಳಗೆ ಒಂದು ರೈಲೂ ಹೊತ್ತಿಗೆ ಬಂದಿದ್ದಿಲ್ಲ," ಎಂದಳು ಪಾಟಿ.

ಮೇಷ್ಟ್ರು ಇಬ್ಬರ ಮಾತನ್ನೂ ಕೇಳಿದರು. ಅದೇ ತಪ್ಪಾಯಿತು. ಗೆರೆ ಬೀದಿಯುದ್ದಕ್ಕೂ ಹೊರಟಿತು. ಒಂದೊಂದೇ ಬಾಗಿಲು ತೆರೆದು, ಹೆಂಗಸರು ಬಟ್ಟಲಲ್ಲಿ ಹಿಟ್ಟು ತಂದುಕೊಟ್ಟರು. "ಎಡಕ್ಕೆ" ಎಂದರು ಕೆಲವರು, "ಬಲಕ್ಕೆ" ಎಂದರು ಉಳಿದವರು. ಮೊದಮೊದಲು ಮೇಷ್ಟ್ರ ಕಿವಿ ನಾಚಿಕೆಯಿಂದ ಬಿಸಿಯಾಗಿತ್ತು. ಆಮೇಲೆ ಮಾತುಗಳು ದೂರವಾದವು, ಮನೆಗಳು ಮಂಜಿನಲ್ಲಿ ಕರಗಿದವು. ಗೆರೆಯೇ ತಮ್ಮ ಬೆರಳು ಹಿಡಿದು ಎಲ್ಲಿಗೋ ಕರೆದೊಯ್ಯುತ್ತಿದೆ ಎನಿಸಿತು. ಸತ್ತುಹೋದ ಅಮ್ಮ ಮಗ್ಗುಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿರುವಂತಿತ್ತು. ಮೀಸೆಗೆ ಹಿಟ್ಟು ಮೆತ್ತಿದ್ದು ಅವರಿಗೆ ಗೊತ್ತೇ ಆಗಲಿಲ್ಲ.

ತೆಂಗಿನ ಗರಿಗಳ ಸಂದಿಯಿಂದ ಮೊದಲ ಬಿಸಿಲು ಇಳಿದಾಗ ಎರಡು ತುದಿಗಳೂ ಬೀದಿಯ ನಟ್ಟನಡುವೆ ಕೂಡಿದವು. ಮನೆ ಮನೆಯ ಮುಂದೆ ಮಡಕೆಗಳಲ್ಲಿ ಹಾಲುಕ್ಕಿತು. "ಪೊಂಗಲೋ ಪೊಂಗಲ್" ಎಂಬ ಕೂಗು ಮಂಜಿನೊಳಗೆ ತೇಲಿ ಬಂತು. ಮೇಷ್ಟ್ರು ಕಣ್ಣೊರೆಸಿಕೊಂಡು ಎದ್ದುನಿಂತರು. ಸುತ್ತ ಎತ್ತ ನೋಡಿದರೂ ಗೆರೆ. ಕಾಲಿಡಲು ಅಂಗೈಯಗಲ ಜಾಗವಿರಲಿಲ್ಲ.

"ತುಳಿದೀಯ ಮತ್ತೆ," ಎಂದಳು ಪಾಟಿ. "ಬಿಸಿಲು ನೆತ್ತಿಗೆ ಬರೋವರೆಗೆ ಅಲ್ಲೇ ನಿಂತಿರು."

"ರೀ," ಎಂದು ಅಷ್ಟು ದೂರದಿಂದ ತೈಯಲ್‌ನಾಯಕಿಯ ದನಿ ಕೇಳಿತು. "ಬೀದಿಯೆಲ್ಲ ದೇವಲೋಕದ ಹಾಗಿದೆ. ನಮ್ಮ ಬಾಗಿಲಿಗೆ ಯಾಕೆ ಏನೂ ಹಾಕಿಲ್ಲ?"

ಮೇಷ್ಟ್ರು ಕತ್ತು ಚಾಚಿ ನೋಡಿದರು. ಹಾಲಿನವಳು ಹಸುವನ್ನು ಕಟ್ಟದೆ ಬಿಟ್ಟು, ಜನರ ನಡುವೆ ನಿಂತು ರಂಗೋಲಿ ನೋಡುತ್ತಿದ್ದಳು. ಅವರ ಹೊಸ್ತಿಲ ಮುಂದಿನ ನೆಲ ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕಟವಾಗಿತ್ತು. ಹಸು ಕೊನೆಯ ಚುಕ್ಕಿಯನ್ನು ಕಣ್ಣು ಮುಚ್ಚಿಕೊಂಡು ನೆಕ್ಕುತ್ತಿತ್ತು.

"ಯಾರಾದ್ರೂ ಅದನ್ನ ಓಡಿಸ್ರಪ್ಪ," ಎಂದರು ಮೇಷ್ಟ್ರು.

"ಗೋಮಾತೆ, ಅದೂ ಹಬ್ಬದ ದಿನ?" ಎಂದು ಪಾಟಿ ಕೈಮುಗಿದಳು. ವೈತಿಯಲಿಂಗಂ ಕೂಡ ಬ್ರಷ್ಷು ಕಂಕುಳಲ್ಲಿಟ್ಟುಕೊಂಡು ಕೈಮುಗಿದರು.

ಹಸು ತಲೆಯೆತ್ತಿ ಮೂಗು ನೆಕ್ಕಿಕೊಂಡಿತು. ಆಮೇಲೆ ತಲೆ ತಗ್ಗಿಸಿ, ಗೆರೆ ಹಿಡಿದು, ಒಂದು ತಿರುವನ್ನೂ ಬಿಡದೆ, ಮೇಷ್ಟ್ರು ನಿಂತಿದ್ದ ಕಡೆಗೆ ನಿಧಾನವಾಗಿ ನಡೆದು ಬರತೊಡಗಿತು. ಜನ ಭಕ್ತಿಯಿಂದ ದಾರಿ ಬಿಟ್ಟರು.