ನಾನು ಅತ್ತ ಜಾಗ

೧೯೬೨ರ ಏಪ್ರಿಲ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ನನ್ನ ಮಾವನವರು ಚನ್ನಗಿರಿಯಿಂದ ಬಂದು ಶಿವಮೊಗ್ಗದ ಬಸ್ ನಿಲ್ದಾಣದಲ್ಲಿ ಇಳಿದರು. ಅವರ ಒಂದು ಕೈಯಲ್ಲಿ ಕೊಡೆ ಇತ್ತು. ಇನ್ನೊಂದು ಕೈಯಲ್ಲಿ, ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನದ ಬಗ್ಗೆ ನಾನು ಪತ್ರಿಕೆಗೆ ಬರೆದಿದ್ದ ಲೇಖನದ ಕತ್ತರಿಸಿದ ತುಂಡು ಇತ್ತು. ಆ ದೇವಸ್ಥಾನವನ್ನು ನಾನು ಅಂದಿನವರೆಗೆ ನೋಡಿರಲಿಲ್ಲ.

ವರದಿಗಾರನಾಗಿ ಭದ್ರಾವತಿಗೆ ನಾನು ತಿಂಗಳಿಗೆ ಎರಡು ಸಲವಾದರೂ ಹೋಗುತ್ತಿದ್ದೆ. ಕಾರ್ಮಿಕರ ಸಭೆಗೆ ಹೋಗಿದ್ದೇನೆ, ಭದ್ರೆಗೆ ನೆರೆ ಬಂದಾಗ ಸೇತುವೆಯ ಮೇಲೆ ನಿಂತಿದ್ದೇನೆ, ಮಂತ್ರಿಗಳು ಬರುತ್ತಾರೆಂದು ಹೋಗಿ ಅವರು ಬರಲಿಲ್ಲವೆಂದು ಬರೆದಿದ್ದೇನೆ. ದೇವಸ್ಥಾನ ಮಾತ್ರ ಹೊಯ್ಸಳರ ಕಾಲದಿಂದ ಅಲ್ಲೇ ಇತ್ತು. ಇದ್ದಲ್ಲೇ ಇರುವುದು ಸುದ್ದಿಯಲ್ಲ. ಹೀಗಿರುವಾಗ ಸಂಪಾದಕರು ವಿಶೇಷ ಸಂಚಿಕೆಗೆ ಲೇಖನ ಬೇಕೆಂದರು. ಸಮಯವಿರಲಿಲ್ಲ. ಭದ್ರಾವತಿಯ ಕಾಗದನಗರದ ಕ್ವಾರ್ಟರ್ಸಿನಲ್ಲಿದ್ದ ಗೆಳೆಯನೊಬ್ಬನನ್ನು ಹೋಟೆಲಿನಲ್ಲಿ ಕೂರಿಸಿ, ಎರಡು ಕಾಫಿ ಕುಡಿಸಿ, ನಕ್ಷತ್ರದ ಆಕಾರದ ಜಗತಿಕಟ್ಟೆ, ಮೂರು ಗರ್ಭಗುಡಿ ಎಲ್ಲವನ್ನೂ ಬರೆದುಕೊಂಡೆ. ಒಂದು ತಪ್ಪೂ ಇರಲಿಲ್ಲ. ಆದರೆ ಸಂಪಾದಕರು ಫೋನಿನಲ್ಲಿ, "ಎಲ್ಲಾ ಸರಿ ಇದೆ ಕಣ್ರೀ, ಭಾವನೆ ಸಾಲದು" ಅಂದರು. ನಾನು ಕೊನೆಗೊಂದು ವಾಕ್ಯ ಸೇರಿಸಿದೆ: "ಆ ಶಿಲ್ಪದ ಎದುರು ನಿಂತಾಗ ನನಗರಿವಿಲ್ಲದೆ ಕಣ್ಣೀರು ಹರಿಯಿತು." ಯಾವ ಶಿಲ್ಪ ಎಂದು ಬರೆಯಲಿಲ್ಲ. ಎಲ್ಲಿ, ಯಾವಾಗ, ಯಾರು ಎಂಬುದಿಲ್ಲದೆ ನಾನು ಬರೆದ ಏಕೈಕ ವಾಕ್ಯ ಅದು.

ಮಾವನವರು ನಿವೃತ್ತ ಹೆಡ್‌ಮಾಸ್ತರರು. ಆ ಲೇಖನವನ್ನು ತಮ್ಮ ಬೀದಿಯವರಿಗೆಲ್ಲ ಓದಿ ಹೇಳಿ, "ನಮ್ಮ ಅಳಿಯಂದಿರು ಕಾಣದ್ದನ್ನು ಬರೆಯೋರಲ್ಲ" ಎಂದು ಷರಾ ಬೇರೆ ಸೇರಿಸಿದ್ದರಂತೆ. ನಮ್ಮ ಮನೆಯಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಾ ಅವರು ಕೇಳಿದ್ದು ಒಂದೇ ಮಾತು: "ನೀವು ಅತ್ತಿದ್ದು ಯಾವ ಜಾಗದಲ್ಲಿ? ನನಗೆ ಅದನ್ನೇ ತೋರಿಸ್ಬೇಕು."

ನನ್ನ ಹೆಂಡತಿ ಗಿರಿಜ ಬಡಿಸುತ್ತಿದ್ದವಳು ನಿಂತಳು. "ಈರುಳ್ಳಿ ಹೆಚ್ಚಿದ್ರೂ ಇವ್ರ ಕಣ್ಣಲ್ಲಿ ನೀರು ಬರಲ್ಲಪ್ಪ. ನೋಡ್ಕೊಂಡು ಬಂದು ನಂಗೂ ಹೇಳು."

ಹತ್ತೂವರೆಗೆ ನಾವಿಬ್ಬರೂ ಭದ್ರಾವತಿಯಲ್ಲಿದ್ದೆವು. ದೇವಸ್ಥಾನ ಎಲ್ಲಿದೆ ಎಂದು ಮಾವನವರ ಎದುರು ಯಾರನ್ನೂ ಕೇಳುವಂತಿರಲಿಲ್ಲ. ಹೂವಿನ ಬುಟ್ಟಿ ಹಿಡಿದ ಒಬ್ಬ ಹೆಂಗಸಿನ ಹಿಂದೆ ನಡೆದೆ. ಆಕೆ ಮನೆಗೆ ಹೋದಳು. "ಇದೇನು, ಇವ್ರ ಹಿತ್ತಿಲಿಗೆ ಬಂದ್ವಲ್ಲ?" ಎಂದರು ಮಾವ. ಊರಿನ ಹಳೆಯ ಹೆಸರು ಬೆಂಕಿಪುರ, ಹಳೆಯ ಬೀದಿಗಳನ್ನು ಮೊದಲು ನೋಡಬೇಕು ಎಂದೆ. ಅವರು ಆ ಹಿತ್ತಿಲನ್ನು ಗೌರವದಿಂದ ನೋಡಿದರು. ನಾಲ್ಕು ಹಳೆಯ ಬೀದಿಗಳಾದ ಮೇಲೆ ದೇವಸ್ಥಾನ ತಾನಾಗಿಯೇ ಸಿಕ್ಕಿತು.

ಜಗತಿಯ ಮೇಲೆ ಸುತ್ತು ಬರುವಾಗ ನಾನು ಹೊರಗೋಡೆಯ ಒಂದು ಮೂಲೆಯಲ್ಲಿ ನಿಂತು, ಸಾಧ್ಯವಾದಷ್ಟು ಮೆಲ್ಲಗೆ, "ಇಲ್ಲೇ" ಎಂದೆ. ಮಾವನವರು ಕನ್ನಡಕ ಒರೆಸಿಕೊಂಡು ಗೋಡೆಯನ್ನು ಬಹಳ ಹೊತ್ತು ನೋಡಿದರು.

"ಇಲ್ಲಿ ಶಿಲ್ಪವೇ ಇಲ್ವಲ್ಲ ಅಳಿಯಂದಿರೇ?"

ಅಷ್ಟರಲ್ಲಿ ಒಳಗಿನಿಂದ ಅರ್ಚಕರು ಕೂಗುತ್ತಾ ಹೊರಗೆ ಬಂದರು. "ಪೇಪರಿನೋರು ಅತ್ತ ಜಾಗ ನೋಡೋಕೆ ಬಂದ್ರಾ ಸ್ವಾಮಿ? ಅದು ಅಲ್ಲಲ್ಲ, ಒಳಗೆ ಬನ್ನಿ. ವೇಣುಗೋಪಾಲನ ಎದುರು. ತಂಬಿಗೆ ನೀರು ಕೊಟ್ಟವನೇ ನಾನು."

ಮಾವನವರು ನನ್ನ ಕಡೆ ತಿರುಗಿದರು. ನಡೆಯದ ಘಟನೆಗೆ ಈಗ ಇಬ್ಬರು ಸಾಕ್ಷಿಗಳು; ಹೇಳಿಕೆಗಳು ಹೊಂದುತ್ತಿರಲಿಲ್ಲ. ಹಳೆಯ ಅಭ್ಯಾಸದಿಂದ ನನ್ನ ಕೈ ಜೇಬಿನ ನೋಟುಬುಕ್ಕಿಗೆ ಹೋಯಿತು.

"ಎಷ್ಟು ಹೊತ್ತಿಗೆ ಅತ್ರು?"

"ಮಂಗಳಾರತಿ ಆದ್ಮೇಲೆ."

"ಎಷ್ಟು ಹೊತ್ತು?"

"ತಂಬಿಗೆ ಖಾಲಿ ಆಗೋವರೆಗೆ."

"ನೋಡೋಕೆ ಹೇಗಿದ್ರು?"

"ಎತ್ತರದ ಆಳು, ಮುಖದಲ್ಲಿ ಒಂದು ಕಳೆ." ಅರ್ಚಕರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಹಾಗಲ್ಲ."

ಅವರ ಉತ್ತರಗಳಲ್ಲಿ ತೊಡರೇ ಇರಲಿಲ್ಲ. ಒಂದು ಕ್ಷಣ ನನಗೇ ಅವರ ವರದಿ ಹೆಚ್ಚು ನಂಬಿಕೆಗೆ ಯೋಗ್ಯವೆನಿಸಿತು. ಮಾವನವರು ನನ್ನನ್ನೇ ನೋಡುತ್ತಾ ಕಾಯುತ್ತಿದ್ದರು. ಹೋಮ್‌ವರ್ಕ್ ತರದವನ ಎದುರು ನಲವತ್ತು ವರ್ಷ ಹೀಗೆಯೇ ಕಾದಿದ್ದವರು. ನಾನು ಒಪ್ಪಿಕೊಂಡೆ. "ಮಾವ, ನಾನು ಅತ್ತೇ ಇಲ್ಲ. ಇವತ್ತಿನ ತನಕ ಇಲ್ಲಿಗೆ ಬಂದೂ ಇರ್ಲಿಲ್ಲ. ಆ ಪೇಪರಿನೋನು ನಾನೇ, ಅರ್ಚಕರೇ."

ಮಾವನವರು ಬಾಯಿ ತೆರೆಯುವ ಮೊದಲೇ ಅರ್ಚಕರು ಸಿಟ್ಟಾದರು. "ಸುಮ್ನಿರಿ ಮಾರಾಯ್ರೇ! ಅವ್ರ ಹೆಸರು ಹೇಳ್ಕೊಂಡು ಬಂದೋರಲ್ಲಿ ನೀವು ಮೂರನೆಯೋರು. ಹಿರಿಯರನ್ನ ಹೀಗೆ ಮೋಸ ಮಾಡ್ತೀರಾ? ನೀವು ಬನ್ನಿ ಯಜಮಾನ್ರೇ, ನಾನು ತೋರಿಸ್ತೀನಿ."

ಮಾವನವರು ನನ್ನನ್ನು ನೋಡಿದರು, ಕೈಯಲ್ಲಿದ್ದ ಕಾಗದದ ತುಂಡನ್ನು ನೋಡಿದರು, ಅದನ್ನು ಮಡಚಿ ಜೇಬಿಗಿಟ್ಟುಕೊಂಡು ಅರ್ಚಕರ ಹಿಂದೆ ಒಳಗೆ ಹೋದರು. ನಾನು ಬಾಗಿಲಲ್ಲಿ ನಿಂತೆ. ದೀಪದ ಬೆಳಕಿನಲ್ಲಿ ವೇಣುಗೋಪಾಲ ನಿಜಕ್ಕೂ ಚೆನ್ನಾಗಿದ್ದ. ಸ್ವಲ್ಪ ಹೊತ್ತಿಗೆ ಮಾವನವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ಅರ್ಚಕರು ತಂಬಿಗೆ ತಂದುಕೊಟ್ಟರು. ನಾನೂ ಅಳಲು ಪ್ರಯತ್ನಿಸಿದೆ, ಆಕಳಿಕೆ ಬಂತು.

ಬಸ್ಸಿನಲ್ಲಿ ಅವರು ಆಡಿದ್ದು ಎರಡೇ ಮಾತು. "ಲೇಖನದಲ್ಲಿ ತಪ್ಪಿಲ್ಲ. ಬರೆದೋರು ಯಾರೋ, ಚೆನ್ನಾಗಿ ಬರ್ದಿದಾರೆ."

ನಿನ್ನೆ ಚನ್ನಗಿರಿಯಿಂದ ಗಿರಿಜಳ ಹೆಸರಿಗೆ ಕಾರ್ಡು ಬಂದಿದೆ. ಮುಂದಿನ ಭಾನುವಾರ ಮಾವನವರು ತಮ್ಮ ಬೀದಿಯ ಹದಿನಾಲ್ಕು ಜನರನ್ನು ಕರೆದುಕೊಂಡು ಬರುತ್ತಿದ್ದಾರೆ. ಭದ್ರಾವತಿಯಲ್ಲಿ ಎಲ್ಲವನ್ನೂ ಅರ್ಚಕರೇ ತೋರಿಸುವುದೆಂದು ತೀರ್ಮಾನವಾಗಿದೆ. ನಾನು ಶಿವಮೊಗ್ಗದ ಬಸ್ ನಿಲ್ದಾಣದವರೆಗೆ ಬಂದರೆ ಸಾಕು ಎಂದು ಬರೆದಿದ್ದಾರೆ.