ಗಿಡ್ಡ ರಾಗಿಯ ಕಂಪನಿಗೆ ಬಹಿರಂಗ ಪತ್ರ, ನಮ್ಮ ಹಸುಗಳ ಪರವಾಗಿ

ಬೀಜದ ಕಂಪನಿಯ ವ್ಯವಸ್ಥಾಪಕರ ದಿವ್ಯ ಸನ್ನಿಧಾನಕ್ಕೆ, ಕೊರವಂಗಲದ ಒಂದೂವರೆ ಎಕರೆಯ ಒಡೆಯನಾದ ರಂಗಸ್ವಾಮಿಯು ಎರಡು ಹಸುಗಳ ಸಮೇತ ಮಾಡುವ ನಮಸ್ಕಾರಗಳು.

ಮಾನ್ಯರೇ,

ಹೋದ ವರ್ಷದ ಮುಂಗಾರಿನಲ್ಲಿ ತಮ್ಮ ಪ್ರತಿನಿಧಿ ಶಶಿಕಿರಣ್ ಅವರು ನಮ್ಮ ಜಗುಲಿಯಲ್ಲಿ ಕೂತು, ಕಾಫಿ ಕುಡಿದು, ತಮ್ಮ ಸುಧಾರಿತ ರಾಗಿಯನ್ನು ಬಾಯ್ತುಂಬ ಹೊಗಳಿ, ನನ್ನನ್ನು ಪ್ರಗತಿಪರ ರೈತನೆಂದು ಕರೆದರು. ಹಾಗೆ ನನ್ನನ್ನು ಅದುವರೆಗೆ ಯಾರೂ ಕರೆದಿರಲಿಲ್ಲವಾದ್ದರಿಂದ, ಹೆಂಡತಿ ಪುಟ್ಟತಾಯಮ್ಮನನ್ನು ಒಂದು ಮಾತೂ ಕೇಳದೆ ಹೊಲಕ್ಕೆಲ್ಲ ಅದನ್ನೇ ಬಿತ್ತಿಬಿಟ್ಟೆ.

ತೆನೆಗಳನ್ನು ಎಷ್ಟು ಹೊಗಳಿದರೂ ಸಾಲದು. ಆದರೆ ಪೈರು ಮಾತ್ರ ನನ್ನ ಮೊಣಕಾಲು ದಾಟಲು ಸಂಕೋಚಪಟ್ಟಿತು. ಇಷ್ಟು ವಿನಯವಂತ ಬೆಳೆಯನ್ನು ನಮ್ಮ ಊರು ಕಂಡಿರಲಿಲ್ಲ.

ಕೊಯ್ಲಿಗೆ ಮುಂಚೆ ತಾವು ಊರವರಿಗೆ ಬೆಳೆ ತೋರಿಸಲು ನಮ್ಮ ಹೊಲದಲ್ಲೇ ಕ್ಷೇತ್ರೋತ್ಸವ ನಡೆಸಿ, ಊರಿಗೆಲ್ಲ ಉಪ್ಪಿಟ್ಟು ಕೇಸರಿಬಾತು ಬಡಿಸಿದಿರಿ. ಶಶಿಕಿರಣ್ ಅವರ ಭಾಷಣಕ್ಕೆ ಮರುಳಾಗಿ ಪಕ್ಕದ ಹೊಲದ ಕಾಂತರಾಜು ಬೀಜಕ್ಕೆ ಹೆಸರು ಬರೆಸಲು ಎದ್ದೇಬಿಟ್ಟಿದ್ದ. ಅಷ್ಟರಲ್ಲಿ ಪುಟ್ಟತಾಯಮ್ಮ ಬದುವಿನ ಮೇಲೆ ನಿಂತು, "ಕಾಳು ನಮ್ಗಾಯ್ತು ಸಾ, ಉಲ್ಲು ಎಲ್ಲೈತೆ? ಅಸ ಏನು ನಿಮ್ ಭಾಸ್ಣ ಮೇಯ್ತದಾ?" ಎಂದಳು. ಕಾಂತರಾಜು ಕೂತ. ಉಳಿದವರು ಕೇಸರಿಬಾತು ಮುಗಿಸಿ ಮನೆಗೆ ನಡೆದರು.

ಬೇಸಿಗೆ ಬರುವ ಮೊದಲೇ ಹುಲ್ಲಿನ ಬಣವೆ ಕರಗಿತು. ಹಿರೀ ಹಸುವನ್ನು ಹೊಳೆನರಸೀಪುರದ ನಾದಿನಿಯ ಮನೆಗೆ ಕಳಿಸಬೇಕಾಯಿತು. ಪುಟ್ಟತಾಯಮ್ಮ ನನ್ನೊಂದಿಗೆ ಮಾತು ಬಿಟ್ಟಳು. ಖಾಲಿ ಗೂಟ ನೋಡಿ ನನಗೂ ಅನ್ನ ಸೇರಲಿಲ್ಲ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ, ಗಿಡ್ಡ ರಾಗಿಗೆ ಹೊಂದುವಂಥ ಚಿಕ್ಕ ಹೊಟ್ಟೆಯ ಹಸುವೊಂದನ್ನು ಸಂಶೋಧಿಸಿ ಪ್ರತಿ ಚೀಲದೊಂದಿಗೆ ದಯಪಾಲಿಸಬೇಕು. ಅಲ್ಲಿಯವರೆಗೆ ಈಗಿರುವ ಹಸುಗಳಿಗೂ ಒಂದು ಕ್ಷೇತ್ರೋತ್ಸವ ನಡೆಸಿ ಅವುಗಳ ಮನವೊಲಿಸಬೇಕು.

ಈ ವರ್ಷ ಬಿತ್ತನೆಯ ಯಜಮಾನಿಕೆ ಪುಟ್ಟತಾಯಮ್ಮನದಾಯಿತು. ಅರ್ಧ ಹೊಲಕ್ಕೆ ತಮ್ಮ ರಾಗಿ, ಇನ್ನರ್ಧಕ್ಕೆ ನಮ್ಮ ಉದ್ದ ಹುಲ್ಲಿನ ಹಳೇ ರಾಗಿ. ಮೂಟೆಗಳೂ ತುಂಬಿದವು, ಬಣವೆಯೂ ಎದ್ದಿತು, ಹಸು ಮನೆಗೆ ಬಂತು. ಈಗ ಊರ ಹೆಂಗಸರು ತಮ್ಮ ಕಂಪನಿಯ ಬೀಜದ ವಿಚಾರ ಕೇಳಲು ಅವಳ ಬಳಿಗೇ ಬರುತ್ತಾರೆ. ಕಾಂತರಾಜುವೂ ಬಂದಿದ್ದ, ಹೆಂಡತಿಯ ಹಿಂದೆ ನಿಂತುಕೊಂಡು.

ತಮ್ಮ ಅರ್ಧ ಹೊಲದ ಮಟ್ಟಿಗಿನ ವಿಶ್ವಾಸಿ,
ರಂಗಸ್ವಾಮಿ

ಮರೆತಿದ್ದ ಮಾತು: ಮೊನ್ನೆ ಶಶಿಕಿರಣ್ ಅವರು ಬಂದಿದ್ದರು. ಅರಕಲಗೂಡಿನ ಅವರ ಮನೆಯಲ್ಲೂ ಹಸುಗಳಿವೆಯಂತೆ. ನಮ್ಮ ಹಳೇ ರಾಗಿಯ ಬೀಜ ತರಲು ತಾಯಿ ಹೇಳಿ ಕಳಿಸಿದ್ದರಂತೆ. ಪುಟ್ಟತಾಯಮ್ಮ ಒಂದು ಮೊರ ತುಂಬ ಕೊಟ್ಟು, "ನಿಮ್ಮವ್ವಂಗೆ ಬುದ್ಧಿ ಐತೆ ಕಣಪ್ಪ" ಎಂದಳು. ಈ ವಿಷಯ ಕಂಪನಿಯವರ ಕಿವಿಗೆ ಹಾಕಬೇಡಿರೆಂದು ಅವರು ಕೈಮುಗಿದು ಬೇಡಿಕೊಂಡದ್ದರಿಂದ, ಕಿವಿಗೆ ಹಾಕದೆ ಬಹಿರಂಗವಾಗಿ ಬರೆದಿದ್ದೇನೆ.