ಎಡಗಡೆ ಪೆಟ್ಟಿಗೆಯ ಎಡವಟ್ಟು

ಮುದ್ರಣಾಲಯದಲ್ಲಿ ಕರಡು ತಿದ್ದುವುದು ನನ್ನ ಕೆಲಸ. ಇಪ್ಪತ್ತಾರು ವರ್ಷಗಳಿಂದ ಬೇರೆಯವರ ತಪ್ಪು ಹುಡುಕಿ ಸಂಬಳ ತಗೊಳ್ಳುತ್ತಿದ್ದೇನೆ. (ನನ್ನ ತಪ್ಪು ಹುಡುಕುವ ಕೆಲಸ ನನ್ನ ಹೆಂಡತಿಯದು. ಅವಳಿಗೆ ಸಂಬಳವಿಲ್ಲ, ರಜೆಯೂ ಇಲ್ಲ.) ಇಂಥ ಪರಿಣತನನ್ನು ಬಿಟ್ಟು, ಮಗಳು ಒಬ್ಬಳೇ ಹೋಗಿ ಸ್ಟೀರಿಯೋ ಕೊಳ್ಳಲು ಹೊರಟಿದ್ದಳು. ಅನ್ಯಾಯವೋ ಅಲ್ಲವೋ, ನೀವೇ ಹೇಳಿ.

ಮಗಳು ಓದುತ್ತಿರುವುದು ಬಸ್ಸಿನಲ್ಲಿ ಎರಡು ಗಂಟೆ ದೂರದ ಊರಿನಲ್ಲಿ. ಅಲ್ಲಿ ಅವಳು ಹಿಡಿದಿರುವ ಕೋಣೆಯಲ್ಲಿ ಕುರ್ಚಿ ಹಿಂದಕ್ಕೆಳೆದರೆ ಬಾಗಿಲು ತೆಗೆಯಲಾಗದು. ಬಾಗಿಲು ತೆಗೆಯಬೇಕಾದರೆ ಕುರ್ಚಿಯಲ್ಲಿದ್ದವರು ಮಂಚಕ್ಕೆ ವರ್ಗವಾಗಬೇಕು. ಸಂಜೆ ಹೊತ್ತು ಮಕ್ಕಳಿಗೆ ಪಾಠ ಹೇಳಿ ಒಂದು ವರ್ಷ ಕೂಡಿಟ್ಟ ದುಡ್ಡಿನಲ್ಲಿ ಆ ಕೋಣೆಗೊಂದು ಪುಟ್ಟ ಸ್ಟೀರಿಯೋ ತರಬೇಕೆಂಬುದು ಅವಳ ಆಸೆ.

"ಅಂಗಡಿಯವನು ನಿನಗೆ ಟೋಪಿ ಹಾಕ್ತಾನೆ, ನಾನೂ ಬರ್ತೀನಿ" ಎಂದೆ ಫೋನಿನಲ್ಲಿ.

"ಅಮ್ಮನನ್ನೂ ಕರ್ಕೊಂಡು ಬಾ ಅಪ್ಪ" ಎಂದಳು. ಬೆಂಬಲಕ್ಕೆ ಎಂದುಕೊಂಡೆ. ಯಾರ ಬೆಂಬಲಕ್ಕೆ ಎಂದು ಯೋಚಿಸಲಿಲ್ಲ.

ಭಾನುವಾರ ಇಬ್ಬರೂ ಅವಳ ಊರಿಗೆ ಹೋದೆವು. ಮೊದಲನೇ ಅಂಗಡಿಯಲ್ಲಿ ಮಗಳಿಗೆ ಒಂದು ಜೋಡಿ ಹಿಡಿಸಿತು. ಪುಸ್ತಕದ ಕಪಾಟಿನಲ್ಲಿ ಕೂರುವಂಥ ಎರಡು ಚಿಕ್ಕ ಸ್ಪೀಕರ್ ಪೆಟ್ಟಿಗೆ, ನಡುವೆ ಟಿಫಿನ್ ಡಬ್ಬಿಯಷ್ಟು ಆಂಪ್ಲಿಫೈಯರ್. ನಾನು ಎರಡು ಪೆಟ್ಟಿಗೆಗಳ ಎದುರು ಸ್ಟೂಲ್ ಹಾಕಿಸಿಕೊಂಡು, ಕಣ್ಣು ಮುಚ್ಚಿ, ನಾದಬ್ರಹ್ಮೋಪಾಸನೆಗೆ ಕೂತೆ. ಅರ್ಧ ನಿಮಿಷದಲ್ಲಿ ದೋಷ ಸಿಕ್ಕಿತು.

"ಎಡಗಡೆಯದಕ್ಕೆ ದಮ್ಮಿಲ್ಲ. ನಡೀರಿ."

ಎರಡನೇ ಅಂಗಡಿಯಲ್ಲೂ ಎಡಗಡೆಯದಕ್ಕೆ ದಮ್ಮಿರಲಿಲ್ಲ. ಕಾಲ ಎಷ್ಟು ಕೆಟ್ಟಿದೆ ನೋಡಿ, ಎಲ್ಲರೂ ಬಲಗಡೆಯದನ್ನು ನೆಟ್ಟಗೆ ಮಾಡಿ ಎಡಗಡೆಯದನ್ನು ಕಾಟಾಚಾರಕ್ಕೆ ಮಾಡುತ್ತಿದ್ದಾರೆ!

"ರೀ, ನನಗೆ ಎರಡೂ ಒಂದೇ ಥರ ಕೇಳಿಸ್ತಿದೆ" ಎಂದಳು ಹೆಂಡತಿ.

"ನಿನ್ನದು ಗೃಹಬಳಕೆಯ ಕಿವಿ ಕಣೇ. ಇದಕ್ಕೆ ಸಂಸ್ಕಾರ ಬೇಕು."

ಅವಳು ಮಗಳನ್ನು ನೋಡಿದಳು. ಮಗಳು ಚಾವಣಿ ನೋಡಿದಳು.

ಮೂರನೇ ಅಂಗಡಿಯವನು ಸಣಕಲು ಮನುಷ್ಯ, ಬಹಳ ತಾಳ್ಮೆಯವನು. ಎಡಗಡೆಯದು ಸರಿಯಿಲ್ಲ ಎಂದೆ, ವೈರ್ ಬದಲಾಯಿಸಿದ. ಇಲ್ಲ ಎಂದೆ, ಎಡಗಡೆ ಪೆಟ್ಟಿಗೆ ಬಲಕ್ಕೂ ಬಲಗಡೆಯದು ಎಡಕ್ಕೂ ಇಟ್ಟ. "ನೋಡಿದ್ರಾ, ಈಗ ಇದೂ ಕೆಟ್ಟೋಯ್ತು!" ಎಂದು ಎದ್ದು ನಿಂತೆ. "ಕಳಪೆ ಮಾಲು ಇಟ್ಕೊಂಡು ಓದೋ ಮಕ್ಕಳಿಗೆ ಮೋಸ ಮಾಡ್ತೀರಲ್ರೀ!" ಅಂಗಡಿಯಲ್ಲಿದ್ದ ಗಿರಾಕಿಗಳೆಲ್ಲ ತಿರುಗಿ ನೋಡಿದರು. ಮಗಳ ಮುಖ ಕೆಂಪಾಗಿತ್ತು.

"ಅಪ್ಪ, ಸ್ವಲ್ಪ ಕೂತ್ಕೋ" ಎಂದಳು ಮೆಲ್ಲಗೆ. "ಈಗ ಪೆಟ್ಟಿಗೆಗಳಿಗೆ ಬೆನ್ನು ಹಾಕಿ ಕೂತ್ಕೋ."

ಕೂತೆ.

"ಈಗ ಯಾವುದಕ್ಕೆ ದಮ್ಮಿಲ್ಲ?"

"ಈಗ... ಆ ಇನ್ನೊಂದಕ್ಕೆ."

ಪೆಟ್ಟಿಗೆಗಳು ಇದ್ದಲ್ಲೇ ಇದ್ದವು. ತಿರುಗಿದವನು ನಾನೊಬ್ಬನೇ. ಮಗಳು ಹತ್ತಿರ ಬಂದು ನನ್ನ ಎಡಗಿವಿಯ ಬಳಿ ಬೆರಳುಜ್ಜಿದಳು, ಬಲಗಿವಿಯ ಬಳಿ ಉಜ್ಜಿದಳು. ಬಲಗಡೆಯದಷ್ಟೇ ಕೇಳಿಸಿತು. "ಅಪ್ಪ, ನೀನು ಫೋನ್ ಯಾವಾಗ್ಲೂ ಬಲಗಿವಿಗೇ ಹಿಡಿಯೋದು ಅಲ್ವಾ?" ಎಂದಳು. ಅವಳ ದನಿಯಲ್ಲಿ ಈಗ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು.

ಅಂಗಡಿಯವನು ಕೆಮ್ಮಿ, "ಸಾರ್, ಪೆಟ್ಟಿಗೆಗೆ ಒಂದು ವರ್ಷ ಗ್ಯಾರಂಟಿ ಇದೆ. ಉಳಿದಿದ್ದಕ್ಕೆ ನಾವು ಜವಾಬ್ದಾರರಲ್ಲ" ಎಂದ. ಕೈಮುಗಿದು ಹೊರಬಿದ್ದೆ.

ಸೋಮವಾರ ಕಿವಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, "ಏನಿಲ್ಲ, ಗುಗ್ಗೆ. ತುಂಬಾ ವರ್ಷದ್ದು" ಎಂದರು. ಬಿಸಿನೀರು ಚಿಮ್ಮಿಸಿ ತೊಳೆದಾಗ ಹೊರಬಂದ ವಸ್ತುವಿನ ವರ್ಣನೆ ಬೇಡ. ಹುಣಸೆಬೀಜದಷ್ಟಿತ್ತು, ಅಷ್ಟು ಸಾಕು.

"ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡೋಕೆ ದಾರಿಯೇ ಇರಲಿಲ್ವಲ್ಲ ಇವರಿಗೆ" ಎಂದಳು ಹೆಂಡತಿ ಡಾಕ್ಟರಿಗೆ. "ನಾನು ಹೇಳಿದ್ದೆಲ್ಲ ಒಳಗೇ ಉಳಿದು ಹೀಗೆ ಗಟ್ಟಿಯಾಗಿದೆ."

ಮುಂದಿನ ಭಾನುವಾರ ಮಗಳ ಕೋಣೆಗೆ ಹೋದೆವು. ಮೊದಲನೇ ಅಂಗಡಿಯ ಆ ಪುಟ್ಟ ಜೋಡಿಯನ್ನೇ ಅವಳು ಕೊಂಡು ತಂದಿದ್ದಳು. ನನ್ನನ್ನು ಮಂಚದ ಮೇಲೆ ಕೂರಿಸಿ ಹಾಡು ಹಾಕಿದಳು. ಕೊಳಲು ಬಲಗಡೆಯಿಂದ ಹೊರಟು, ನನ್ನ ಹಣೆಯ ಮುಂದೆ ಹಾದು, ಎಡಕ್ಕೆ ಹೋಗಿ ನಿಂತಿತು. ಅಂಥದ್ದೊಂದು ಜಾಗವಿದೆಯೆಂಬುದೇ ನನಗೆ ಮರೆತುಹೋಗಿತ್ತು. ಕಣ್ಣು ಒದ್ದೆಯಾಯಿತು, ಮುಚ್ಚಿಕೊಂಡೆ.

ಆಗ ಎಡಗಡೆಯಿಂದ, ಕಿಟಕಿಯ ಬಳಿಯಿಂದ, ಹೆಂಡತಿ ಮಗಳಿಗೆ ಪಿಸುಗುಟ್ಟುವುದು ಸ್ಫಟಿಕಸ್ಪಷ್ಟವಾಗಿ ಕೇಳಿಸಿತು: "ಪಾಪ, ಒಳ್ಳೆ ಮನುಷ್ಯನೇ. ಬಾಯಿ ಮುಚ್ಕೊಂಡಿದ್ರೆ ಇನ್ನೂ ಒಳ್ಳೆಯವರು."

ಎಷ್ಟು ವರ್ಷಗಳಿಂದ ನಡೆದಿತ್ತೋ ಈ ಎಡಗಡೆಯ ಪ್ರಸಾರ! ಸುಮ್ಮನೆ ಕೂತೆ. ಕೇಳಿಸದವನಂತೆ ಇದ್ದರೆ ಇನ್ನೂ ಏನೇನು ತಿಳಿಯುತ್ತದೋ ಎಂಬ ಆಸೆ. ಮುಖವನ್ನು ಕಲ್ಲಿನಂತೆ ಇಟ್ಟುಕೊಂಡೆ. ಅವಳು ಇನ್ನೂ ಮೆಲ್ಲಗೆ, ಉಸಿರಿನಷ್ಟೇ ಸದ್ದಿನಲ್ಲಿ, "ಕಾಫಿ ಬೇಕೇನ್ರೀ?" ಎಂದಳು.

"ಸಕ್ಕರೆ ಕಮ್ಮಿ" ಎಂದುಬಿಟ್ಟೆ.

ಮಗಳು ಹೊಟ್ಟೆ ಹಿಡಿದುಕೊಂಡು ಕುರ್ಚಿಯ ಮೇಲೆ ಬಿದ್ದಳು. ಹೆಂಡತಿ ನಗಲಿಲ್ಲ; ನನ್ನನ್ನೇ ನೋಡುತ್ತಾ ಕೆಟಲ್ ಸ್ವಿಚ್ ಒತ್ತಿದಳು.

ಕಾಫಿ ಬಂತು. ಸಕ್ಕರೆ ಇರಲೇ ಇಲ್ಲ. ಚೆನ್ನಾಗಿದೆ ಎಂದು ಕುಡಿದೆ.